ಗೋಮಾಳ ಹೊತ್ತು ಮಾರಿಸ್‌ಟೌನಿಗೆ

ಮಾರ್ಚ್ ತಿಂಗಳ ಮೊದಲ ಶನಿವಾರ ಬೆಳಿಗ್ಗೆ ಎಂಟಕ್ಕೆ ನ್ಯೂಜೆರ್ಸಿಯ ಪ್ಲೇನ್ಸ್‌ಬರೋದಿಂದ ಹೊರಟೆವು. ನಾವೆಂದರೆ ಎಂಟನೆಯ ತರಗತಿಯ ಮೇಧಾ, ಅವಳ ತಾಯಿ ಶೈಲಾ ಆಂಟಿ ಹಾಗೂ ಅವರದೇ ಕಟ್ಟಡದ ಮೇಲಿನ ಮಹಡಿಯಲ್ಲಿ ವಾಸವಿರುವ ವಿದ್ಯಾರ್ಥಿಯಾದ ನಾನು. ಮಾರಿಸ್‌ಟೌನಿನಲ್ಲಿ ಅಂದು ಮಕ್ಕಳ ಕನ್ನಡ ಚರ್ಚಾಸ್ಪರ್ಧೆ ಏರ್ಪಾಡಾಗಿತ್ತು. ವಿಷಯ, ‘ಅಮೆರಿಕದ ಪಶ್ಚಿಮ ವಿಸ್ತರಣೆ ಸರಿಯೇ, ತಪ್ಪೇ?’ ಚೀಟಿ ಎತ್ತಿದಾಗ ಮೇಧಾಳ ಪಾಲಿಗೆ ‘ಸರಿ’ ಎಂಬ ಪಕ್ಷ ಬಂದಿತ್ತು. ಹಿಂದಿನ ವರ್ಷ ಕನ್ನಡ ತಡವರಿಸಿ ಕೊನೆಯ ಸ್ಥಾನಕ್ಕೆ ಇಳಿದಿದ್ದ ಅವಳು ಈ ಸಲ ಗೆದ್ದೇ ತೀರಬೇಕೆಂದು ಹಟ ಹಿಡಿದಿದ್ದಳು. ಅವಳ ಭಾಷಣವನ್ನು ತಿದ್ದಿಕೊಟ್ಟವನು ನಾನು.

ಅದಕ್ಕೆ ಮೂರು ಸಂಜೆಗಳು ಹಿಡಿದವು. ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗ. ಒಂದು ಕಾಗುಣಿತ ತಪ್ಪಿದರೂ ಯಾರೋ ನನ್ನ ಪದವಿಯನ್ನು ಹಿಂದಕ್ಕೆ ಕೇಳುವರೆಂಬ ಅಳುಕು ಇಂದಿಗೂ ಹೋಗಿಲ್ಲ. ಮೇಧಾ ‘ಓಪನ್ ಲ್ಯಾಂಡ್’ ಎಂದು ಬರೆದಿದ್ದ ಕಡೆಯಲ್ಲೆಲ್ಲ ನಾನು ‘ಗೋಮಾಳ’ ಎಂದು ಬದಲಾಯಿಸಿದೆ. ಕಂದಾಯದ ಕಾಗದಗಳಲ್ಲಿ ಕಾಣುವ ಗಂಭೀರವಾದ ಪದವದು. ಸಮಯಕ್ಕೆ ಸರಿಯಾಗಿ ಹೊಳೆದದ್ದಕ್ಕೆ ಒಳಗೊಳಗೇ ಹೆಮ್ಮೆಪಟ್ಟಿದ್ದೆ.

ಪ್ರಿನ್ಸ್‌ಟನ್ ಜಂಕ್ಷನ್ನಿನಲ್ಲಿ ರೈಲು ಹತ್ತಿ, ಸೀಕಾಕಸ್‌ನಲ್ಲಿ ಇಳಿದು, ಅಲ್ಲಿಂದ ಪಶ್ಚಿಮಕ್ಕೆ ಹೋಗುವ ಇನ್ನೊಂದು ರೈಲನ್ನು ಹಿಡಿಯಬೇಕು. ಎರಡಕ್ಕೂ ಒಂದೇ ಟಿಕೆಟ್ ಸಾಕು. ಸೀಕಾಕಸ್‌ನ ಸುತ್ತ ಗೋದಾಮುಗಳು. ಅವುಗಳಾಚೆ ಕಂದು ಬಣ್ಣದ ಜೊಂಡು ತುಂಬಿದ ಜೌಗು ನೆಲ. ಗಾಳಿ ಕಿವಿ ಕೊರೆಯುತ್ತಿತ್ತು. ಎರಡನೆಯ ರೈಲಿನಲ್ಲಿ ಶೈಲಾ ಆಂಟಿ ಚಿತ್ರಾನ್ನದ ಡಬ್ಬಿ ತೆರೆದರು. ಮೇಧಾ ತಿನ್ನದೆ ಹಾಳೆಗಳನ್ನು ತಿರುವುತ್ತಿದ್ದಳು.

“ಅಂಕಲ್, ಗೋಮಾಲ ಅಂದ್ರೆ ಮಾರ್ಕ್ಸ್ ಕಟ್ ಮಾಡ್ತಾರಾ?”

“ಗೋಮಾಳ. ನಾಲಿಗೆ ಹಿಂದಕ್ಕೆ ಮಡಿಸಬೇಕು.”

“ನನ್ನ ನಾಲಿಗೆ ಫೋಲ್ಡ್ ಆಗಲ್ಲ. ಮೇಡ್ ಇನ್ ಜೆರ್ಸಿ.”

“ತಿಂದ್ರೆ ಆಗತ್ತೆ. ಬಾಯಿ ತೆಗಿ,” ಎಂದರು ಶೈಲಾ ಆಂಟಿ.

ನನಗಿನ್ನೂ ಇಪ್ಪತ್ತೈದು. ಮೇಧಾಳ ಎಲ್ಲ ತಪ್ಪುಗಳನ್ನೂ ತಿದ್ದಿದ್ದೆ. ‘ಅಂಕಲ್’ ಒಂದನ್ನು ತಿದ್ದಲು ಆಗಿರಲಿಲ್ಲ.

ಸ್ಪರ್ಧೆ ನಡೆದದ್ದು ಒಂದು ಚರ್ಚಿನ ಸಭಾಂಗಣದಲ್ಲಿ. ತೀರ್ಪುಗಾರರು ಉಡುಪಿ ಕಡೆಯ ಡಿಸೋಜಾ ಅಂಕಲ್, ಇಲ್ಲಿ ಹೋಟೆಲ್ ನಡೆಸುವವರು. ಎದುರು ಪಕ್ಷದ ಹುಡುಗಿ ಮೊದಲು ಮಾತನಾಡಿದಳು. ಮೂಲನಿವಾಸಿಗಳೊಡನೆ ಮಾಡಿಕೊಂಡ ಒಪ್ಪಂದಗಳನ್ನು ಮುರಿದದ್ದು, ಕಾಡೆಮ್ಮೆಗಳ ಹಿಂಡುಗಳನ್ನು ಕೊಂದು ಅವರ ಅನ್ನ ಕಸಿದದ್ದು, ಈ ನ್ಯೂಜೆರ್ಸಿಯಲ್ಲೇ ಬಾಳಿದ್ದ ಲೆನಾಪೆ ಜನರನ್ನು ಹಂತಹಂತವಾಗಿ ಪಶ್ಚಿಮಕ್ಕೆ ತಳ್ಳಿದ್ದು, ಎಲ್ಲವನ್ನೂ ಹೇಳಿದಳು. ತಾನು ಹುಟ್ಟಿದ ದೇಶದ ತಪ್ಪನ್ನು ಆ ಹುಡುಗಿ ಅಳುಕಿಲ್ಲದೆ ನುಡಿದ ರೀತಿಗೆ ನಾನು ಬೆರಗಾದೆ. ಅವಳ ವಯಸ್ಸಿನಲ್ಲಿ ನಾನು ಪಠ್ಯಪುಸ್ತಕಕ್ಕೆ ಎದುರಾಗಿ ಒಂದು ಮಾತನ್ನೂ ಆಡಿದವನಲ್ಲ.

ಮೇಧಾ ಎದ್ದಳು. ಊರಿನಲ್ಲಿ ಅಂಗೈಯಗಲ ನೆಲವಿಲ್ಲದವರಿಗೆ ಹೊಲ ಸಿಕ್ಕಿತು, ರೈಲು ಎರಡು ಸಾಗರಗಳನ್ನು ಬೆಸೆಯಿತು, ಬಯಲಿನ ಗೋಧಿ ದೂರದ ಊರುಗಳ ಹೊಟ್ಟೆ ತುಂಬಿಸಿತು ಎಂದಳು. ಒಮ್ಮೆಯೂ ತಡವರಿಸಲಿಲ್ಲ. “ಆ ಗೋಮಾಳ ಯಾರಿಗೂ ಸೇರಿರಲಿಲ್ಲ,” ಎಂದು ಮುಗಿಸಿದಾಗ ‘ಳ’ ಅಚ್ಚುಕಟ್ಟಾಗಿ ಉರುಳಿತು.

ಡಿಸೋಜಾ ಅಂಕಲ್ ಕನ್ನಡಕ ತೆಗೆದರು. “ಒಂದು ಪ್ರಶ್ನೆ ಮಾರಾಯ್ತಿ. ಗೋಮಾಳ ಅಂದ್ರೆ ಎಂತ?”

“ಖಾಲಿ ಜಾಗ, ಅಂಕಲ್.”

“ಖಾಲಿಯಾ? ಮತ್ತೆ ಅಲ್ಲಿ ಮೇಯುವ ದನ ಯಾರದ್ದು?”

“ಊರಿನವರದ್ದು?”

“ಹಾಗಾದ್ರೆ ಜಾಗ ಯಾರದ್ದು?”

ಮೇಧಾ ನನ್ನತ್ತ ನೋಡಿದಳು. ನಮ್ಮ ಮನೆಯ ಎರಡು ಎಮ್ಮೆಗಳು ಮೇಯ್ದದ್ದು ಊರ ಗೋಮಾಳದಲ್ಲಿ. ಅವುಗಳ ಹಾಲಿನಿಂದಲೇ ನಾನು ಕಾಲೇಜು ಮುಗಿಸಿದ್ದು. ಅದು ಯಾರಿಗೂ ಸೇರಿಲ್ಲವೆಂದು ನಮ್ಮೂರಿನಲ್ಲಿ ಒಬ್ಬರೂ ಹೇಳಲಾರರು. ಹೇಳಿಸಿದವನು ನಾನು. ತಲೆ ತಗ್ಗಿಸಿದೆ.

ಮೇಧಾ ಡಿಸೋಜಾ ಅಂಕಲ್ ಕಡೆ ತಿರುಗಿ ಹೇಳಿದಳು: “ಹಾಗಾದ್ರೆ ಅದು ಖಾಲಿ ಇರ್ಲಿಲ್ಲ. ಆ ಲೈನ್ ವಾಪಸ್ ತಗೋತೀನಿ. ಆದ್ರೆ ಅಂಕಲ್, ಪಶ್ಚಿಮಕ್ಕೆ ಹೋದವರಿಗೂ ಹಸಿವಿತ್ತು. ಅದನ್ನ ವಾಪಸ್ ತಗೊಳಲ್ಲ.”

ಎದುರು ಪಕ್ಷದ ಹುಡುಗಿಯೇ ಮೊದಲು ಚಪ್ಪಾಳೆ ತಟ್ಟಿದಳು. ಮೊದಲ ಬಹುಮಾನ ಅವಳಿಗೆ, ಎರಡನೆಯದು ಮೇಧಾಳಿಗೆ ಬಂದಿತು. ಊಟದ ಸಾಲಿನಲ್ಲಿ ಡಿಸೋಜಾ ಅಂಕಲ್, “ಆ ಶಬ್ದ ಹಾಕಿದ್ದು ನೀವಾ?” ಎಂದು ಕೇಳಿದರು. ಒಪ್ಪಿಕೊಂಡೆ. “ಶಬ್ದ ಲಾಯ್ಕುಂಟು. ಆದ್ರೆ ಅದು ಆಚೆ ಪಕ್ಷದ್ದು,” ಎಂದು ನನ್ನ ತಟ್ಟೆಗೆ ಇನ್ನೊಂದು ವಡೆ ಹಾಕಿದರು.

ಮಧ್ಯಾಹ್ನ ಮೂರರ ರೈಲಿನಲ್ಲಿ ಪೂರ್ವಕ್ಕೆ ಮರಳಿದೆವು. “ತಪ್ಪು ನನ್ನದು ಮೇಧಾ,” ಎಂದೆ.

“ಲಾಸ್ಟ್ ಇಯರ್ ನಾನು ಲಾಸ್ಟ್, ಅಂಕಲ್. ಇಟ್ಸ್ ಓಕೆ,” ಎಂದಳಾದರೂ ಬಹಳ ಹೊತ್ತು ಕಿಟಕಿಯ ಕಡೆಗೇ ಮುಖ ಮಾಡಿದ್ದಳು.

ಸೀಕಾಕಸ್‌ನಲ್ಲಿ ರೈಲು ಬದಲಿಸಲು ಕಾಯುತ್ತಿದ್ದಾಗ ಜೊಂಡಿನ ಮೇಲೆ ಇಳಿಬಿಸಿಲು ಬಿದ್ದಿತ್ತು. ಮೇಧಾ ಅದನ್ನು ನೋಡುತ್ತ ಕೇಳಿದಳು: “ಅಂಕಲ್, ಇದು ಯಾರದ್ದಾಗಿತ್ತು?”

ಫೋನಿನಲ್ಲಿ ಪರೀಕ್ಷಿಸದೆ ಉತ್ತರ ಕೊಡುವ ಅಭ್ಯಾಸ ನನಗಿಲ್ಲ. ಅಂದು ಕೊಟ್ಟೆ. “ಲೆನಾಪೆಯವರದ್ದು.”

“ಲೆನಾಪೆಯವರ ಗೋಮಾಲ,” ಎಂದಳು, ದಣಿದ ದನಿಯಲ್ಲಿ.

ನಾನು ತಿದ್ದಲಿಲ್ಲ.