ತಮ್ಮ ಕಿವಿಯನ್ನೂ ನಂಬದವರು

ಧ್ವನಿಮುದ್ರಣದಲ್ಲಿ ಇರುವುದನ್ನೆಲ್ಲ ಇದ್ದಂತೆಯೇ ಕಿವಿಗೆ ತಲುಪಿಸುತ್ತೇವೆಂದು ಹೇಳಿಕೊಳ್ಳದ ಹೆಡ್‌ಫೋನ್ ಕಂಪನಿ ಈ ಭೂಮಿಯ ಮೇಲಿಲ್ಲ. ಹಾಗೆ ಹೇಳಿಕೊಂಡ ಕಂಪನಿಯನ್ನು ಒಂದು ದಿನದ ಮಟ್ಟಿಗಾದರೂ ನಂಬಿದ ದಾಖಲೆ, ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಧ್ವನಿ ಪರೀಕ್ಷಾ ವಿಭಾಗದ ಮುಖ್ಯಸ್ಥರ ಮೂವತ್ತಮೂರು ವರ್ಷಗಳ ಸೇವೆಯಲ್ಲಿ ಎಲ್ಲೂ ಇಲ್ಲ. ಹಾಡನ್ನು ಸಿಂಗರಿಸಿ ಕೇಳಿಸುವ ಹೆಡ್‌ಫೋನ್ ಯಾವುದು, ಇದ್ದದ್ದನ್ನು ಇದ್ದಂತೆ ಕೇಳಿಸುವ ಹೆಡ್‌ಫೋನ್ ಯಾವುದು ಎಂದು ಬೇರ್ಪಡಿಸಿ, ಎರಡನೆಯದಕ್ಕೆ ಮಾತ್ರ ‘ಯಥಾವತ್ತು’ ಎಂಬ ಮೊಹರು ಒತ್ತುವುದು ನಮ್ಮ ಸಂಸ್ಥೆಯ ಕೆಲಸ. ಆ ಪುಟ್ಟ ಮೊಹರಿಗೆ ಇಂದು ಅಷ್ಟು ದೊಡ್ಡ ಬೆಲೆ ಬಂದಿದ್ದರೆ ಅದಕ್ಕೆ ಕಾರಣ ಈ ಮಹನೀಯರ ಎಂದೂ ತೀರದ ಅನುಮಾನ.

ಈ ಲೇಖನ ಬರೆಯುತ್ತಿರುವವಳು ಅವರ ಕೈಕೆಳಗೆ ಹದಿನಾಲ್ಕು ವರ್ಷ ದುಡಿದವಳು. ಆದರೂ ಇಲ್ಲಿ ‘ನಾನು’ ಎಂದು ಬರೆಯುವ ಧೈರ್ಯ ಅವಳಿಗಿಲ್ಲ. ಪರೀಕ್ಷೆಯ ಹಾಳೆಯಲ್ಲಿ ‘ನನಗೆ ಅನಿಸಿತು’ ಎಂಬ ಮಾತು ಕಂಡರೆ ಹಿರಿಯರು ಮುಂದೆ ಓದುತ್ತಲೇ ಇರಲಿಲ್ಲ. ಈ ಅಭಿನಂದನ ಗ್ರಂಥವನ್ನೂ ಅವರು ಪೆನ್ಸಿಲ್ ಹಿಡಿದೇ ಓದುವವರಾದ್ದರಿಂದ, ಆಕೆ ಇಲ್ಲಿ ಬರೀ ಕಿರಿಯ ಪರೀಕ್ಷಕಿ.

ಅವರು ಕೆಲಸಕ್ಕೆ ಸೇರಿದ ಕಾಲದಲ್ಲಿ ನಮ್ಮ ಕೇಳುವ ಕೋಣೆಯಲ್ಲಿ ಎರಡು ಮೆತ್ತನೆಯ ಸೋಫಾಗಳಿದ್ದವಂತೆ, ಹೊತ್ತುಹೊತ್ತಿಗೆ ಚಹಾ ಬರುತ್ತಿತ್ತಂತೆ. ಕಂಪನಿಯ ಏಜೆಂಟರೇ ಬಂದು ಪರೀಕ್ಷಕರ ತಲೆಗೆ ಹೆಡ್‌ಫೋನ್ ತೊಡಿಸಿ, ಕಣ್ಣಲ್ಲಿ ಕಣ್ಣಿಟ್ಟು ‘ಹೇಗಿದೆ ಸಾರ್?’ ಎಂದು ಕೇಳುತ್ತಿದ್ದರಂತೆ. ಸೇರಿದ ಎರಡನೇ ತಿಂಗಳಿನಲ್ಲಿಯೇ ಹಿರಿಯರು ಒಬ್ಬ ಏಜೆಂಟನ ಹೆಬ್ಬೆರಳಿನ ಮೇಲೆ ಕಣ್ಣಿಟ್ಟರು. ಬೇರೆಯವರ ಹೆಡ್‌ಫೋನ್ ಕೇಳಿಸುವಾಗ ಸುಮ್ಮನಿದ್ದ ಆ ಬೆರಳು, ತನ್ನ ಕಂಪನಿಯ ಸರದಿ ಬಂದಾಗ ಗುಂಡಿಯನ್ನು ಇಷ್ಟೇ ಇಷ್ಟು ತಿರುಗಿಸುತ್ತಿತ್ತು. ತುಸು ಜೋರಾದದ್ದು ಕಿವಿಗೆ ಜೋರು ಎನಿಸುವುದಿಲ್ಲ, ಚೆನ್ನಾಗಿದೆ ಎನಿಸುತ್ತದೆ. ಮರುವಾರ ಸೋಫಾ, ಚಹಾ, ಏಜೆಂಟರು ಮೂರೂ ಒಟ್ಟಿಗೆ ಹೊರಗೆ ಹೋದವು.

ಅವುಗಳ ಜಾಗಕ್ಕೆ ಒಂದು ಮರದ ಕುರ್ಚಿ ಬಂತು, ಅದರ ಹಿಂದೆ ಒಂದು ದಪ್ಪ ಪರದೆ ಬಂತು, ಪರದೆಯ ಹಿಂದೆ ನಿಲ್ಲಲು ಒಬ್ಬ ಸಹಾಯಕಿ ಬಂದರು. ಎಲ್ಲರೂ ಪರದೆಯಕ್ಕ ಎನ್ನುವ ಈಕೆ, ಮೊದಲು ಧ್ವನಿಮಟ್ಟವನ್ನು ಯಂತ್ರದಲ್ಲಿ ಸರಿಸಮ ಮಾಡಿ, ಆಮೇಲೆ ಹಿಂದಿನಿಂದ ಕೈ ಚಾಚಿ ಕೂತವರ ತಲೆಗೆ ಹೆಡ್‌ಫೋನ್ ತೊಡಿಸುತ್ತಾರೆ. ಕೂತವರು ಎರಡೂ ಕೈ ಮಂಡಿಯ ಮೇಲಿಟ್ಟುಕೊಂಡಿರಬೇಕಿತ್ತು. ಬರೆಯುವುದಕ್ಕಲ್ಲದೆ ಕೈ ಎತ್ತುವಂತಿರಲಿಲ್ಲ. ಹೆಡ್‌ಫೋನನ್ನು ಮುಟ್ಟಿದರೆ ಅದರ ತೂಕದಿಂದಲೋ ಮೆತ್ತೆಯ ಬಟ್ಟೆಯಿಂದಲೋ ಅದು ಯಾವ ಕಂಪನಿಯದೆಂದು ತಿಳಿದುಬಿಡುತ್ತದೆ, ತಿಳಿದ ಮೇಲೆ ಕಿವಿ ಲಂಚ ತಿಂದ ಸಾಕ್ಷಿಯಂತೆ ಮಾತಾಡುತ್ತದೆ ಎಂಬುದು ಹಿರಿಯರ ಖಚಿತ ಅಭಿಪ್ರಾಯ. ಕೇಳಿಸುವ ಸಂಗೀತವೂ ಸಂಸ್ಥೆಯದೇ: ಪಕ್ಕದ ಕೋಣೆಯಲ್ಲಿ ನಮ್ಮೆದುರೇ ನುಡಿಸಿ ಮುದ್ರಿಸಿದ ಪಿಟೀಲು, ದೊಡ್ಡ ಡೋಲು, ಒಬ್ಬ ಹೆಂಗಸಿನ ಹಾಡು, ಕೊನೆಗೆ ಒಂದು ಬೀಗದಕೈ ಗೊಂಚಲಿನ ಸದ್ದು.

“‘ಚೆನ್ನಾಗಿದೆ’ ಅನ್ಬೇಡಿ. ಅದು ಊಟಕ್ಕೆ ಹೇಳೋ ಮಾತು. ಅಲ್ಲಿ ಇದ್ದದ್ದು ಇಲ್ಲಿ ಇದೆಯಾ, ಅಷ್ಟು ಹೇಳಿ ಸಾಕು” ಎಂಬುದು ಹೊಸಬರಿಗೆ ಅವರು ಮಾಡುತ್ತಿದ್ದ ಒಂದೇ ಉಪದೇಶ. ಬೆನ್ನ ಹಿಂದೆ ಅವರಿಗೆ ಡೌಟಪ್ಪ ಎಂಬ ಹೆಸರಿತ್ತು. ಈ ಗ್ರಂಥದ ಬೇರೆ ಲೇಖಕರು ಅದನ್ನು ಬರೆಯಲು ಹಿಂಜರಿದಿರಬಹುದು. ಹಿರಿಯರಿಗೆ ಅದು ಇಪ್ಪತ್ತು ವರ್ಷಗಳಿಂದಲೂ ಗೊತ್ತು.

ಕಿರಿಯ ಪರೀಕ್ಷಕಿ ಸೇರಿದ ಮೊದಲ ವಾರ, ಎರಡು ಹೆಡ್‌ಫೋನ್‌ಗಳನ್ನು ಹೋಲಿಸಿ ಒಂದು ಪುಟ ತುಂಬ ಬರೆದಳು: ಮೊದಲನೆಯದರಲ್ಲಿ ಪಿಟೀಲು ಒಣಗಿದಂತಿದೆ, ಎರಡನೆಯದರಲ್ಲಿ ಜೀವ ತುಂಬಿದೆ ಎಂದು ಮುಂತಾಗಿ. ಪರದೆ ಸರಿಸಿದರೆ ಅಲ್ಲಿ ಇದ್ದದ್ದು ಒಂದೇ ಹೆಡ್‌ಫೋನ್. ಅದನ್ನೇ ಎರಡು ಸಲ ತೊಡಿಸಿದ್ದರು. ನಾಚಿಕೆಯಿಂದ ನೆಲಕ್ಕಿಳಿದುಹೋದ ಅವಳನ್ನು ಹಿರಿಯರು ಬೈಯಲಿಲ್ಲ. ತಮ್ಮ ಮೇಜಿನ ಡ್ರಾಯರ್ ಎಳೆದು, ಹಳದಿಗಟ್ಟಿದ ಒಂದು ಹಾಳೆ ತೆಗೆದು ಮುಂದಿಟ್ಟರು. ಅದು ಅವರದೇ ಮೊದಲ ಹಾಳೆ. ಒಂದೇ ಹೆಡ್‌ಫೋನಿನಲ್ಲಿ ಅವರು ಒಂಬತ್ತು ವ್ಯತ್ಯಾಸ ಕಂಡುಹಿಡಿದಿದ್ದರು.

ಇನ್ನೊಮ್ಮೆ ಆಕೆಗೆ ನೆಗಡಿಯಾದಾಗ ಮೂರು ದಿನ ಮನೆಗೆ ಕಳಿಸಿ, ಮೂರನೇ ದಿನ ತಾವೇ ಬಾಗಿಲಿಗೆ ಬಂದು ಹಣ್ಣು ಕೊಟ್ಟು, ಕಟ್ಟಿದ ಕಿವಿ ಬಿಟ್ಟಿದೆಯೇ ಎಂದು ವಿಚಾರಿಸಿದರು. ಆ ಕಾಳಜಿ ತನ್ನ ಮೇಲೋ ತನ್ನ ಹಾಳೆಗಳ ಮೇಲೋ ಎಂಬುದು ಆಕೆಗೆ ಇಂದಿಗೂ ಇತ್ಯರ್ಥವಾಗಿಲ್ಲ.

ಇನ್ನು, ಆರು ವರ್ಷಗಳ ಹಿಂದಿನ ಮಾತು. ಆ ವರ್ಷ ಆಕೆಯ ಬದುಕಿನಲ್ಲಿ ಎರಡು ಹೊಸ ಸಂಗತಿಗಳು ನಡೆದವು. ಮೂಗಿನ ಮೇಲೆ ದಪ್ಪ ಚೌಕಟ್ಟಿನ ಕನ್ನಡಕ ಬಂತು; ಅಕ್ಕನ ಗಂಡನಿಗೆ ಒಂದು ಹೆಡ್‌ಫೋನ್ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಮೊದಲನೆಯದು ಯಾರ ಗಮನಕ್ಕೂ ಬರಲಿಲ್ಲ, ಎರಡನೆಯದು ಎಲ್ಲರ ಗಮನಕ್ಕೂ ಬಂತು. ಭಾವನ ಕಂಪನಿ ಮಾಡುತ್ತಿದ್ದುದು ತೆರೆದ ಮಾದರಿ, ಅಂದರೆ ಬೆನ್ನಿಗೆ ಜಾಲರಿ ಇರುವಂಥದ್ದು. ಕಿವಿಯನ್ನು ಪೂರ್ತಿ ಮುಚ್ಚಿಕೊಳ್ಳುವ ಮಾದರಿಗಳನ್ನು ಬೇರೆ ಕಂಪನಿಗಳು ಮಾಡುತ್ತಿದ್ದವು. ತೊಟ್ಟದ್ದು ಎರಡರಲ್ಲಿ ಯಾವುದೆಂದು ಕೈಯಿಂದ ಮುಟ್ಟದೆಯೂ ತಿಳಿಯುತ್ತದೆ. ಎಂಟು ತಿಂಗಳಲ್ಲಿ ಆಕೆಯ ಹಾಳೆಗಳ ಆಧಾರದ ಮೇಲೆ ಮುಚ್ಚಿದ ಮಾದರಿಯ ಐದು ಹೆಡ್‌ಫೋನ್‌ಗಳಿಗೆ ಮೊಹರು ತಪ್ಪಿತು. ಐದರಲ್ಲೂ ಒಂದೇ ದೂರು: ಬೇಸ್ ಕಡಿಮೆ, ಡೋಲಿನ ಗುಡುಗು ಸೊರಗಿದೆ. ಅದೇ ಅವಧಿಯಲ್ಲಿ ಭಾವನ ಕಂಪನಿಯ ತೆರೆದ ಮಾದರಿ ಪಾಸಾಯಿತು.

ಮೊಹರು ತಪ್ಪಿದ ಒಂದು ಕಂಪನಿ ದೂರು ಬರೆಯಿತು. ಅಳತೆಯ ಯಂತ್ರವೂ ಆಕೆಯ ವಿರುದ್ಧವೇ ಸಾಕ್ಷಿ ನುಡಿಯಿತು. ರಬ್ಬರ್ ಕಿವಿಗಳುಳ್ಳ ಬೊಂಬೆ ತಲೆಯೊಂದು ನಮ್ಮಲ್ಲಿದೆ. ಅದಕ್ಕೆ ತೊಡಿಸಿದಾಗ ಐದರಲ್ಲಿ ನಾಲ್ಕು ಹೆಡ್‌ಫೋನ್‌ಗಳ ಬೇಸ್ ಸರಿಯಾಗಿಯೇ ಇತ್ತು. ನಿರ್ದೇಶಕರು ಹಿರಿಯರನ್ನು ಕರೆಸಿ, “ಆಕೆ ಮೇಲೆ ನಿಮಗೆ ನಂಬಿಕೆ ಇದೆಯಾ?” ಎಂದು ಕೇಳಿದರು.

“ನನಗೆ ಯಾರ ಮೇಲೂ ಇಲ್ಲ ಸಾರ್. ಮೂರು ವಾರ ಟೈಮ್ ಕೊಡಿ.”

ಮೂರು ವಾರದ ಕೊನೆಗೆ ಅವರು ಕೊಡುವ ವರದಿಯ ಮೇಲೆ ಆಕೆಯ ಕೆಲಸವೂ ಮಾನವೂ ನಿಂತಿದ್ದವು. ಪಕ್ಷಪಾತದ ಮಸಿ ಒಮ್ಮೆ ಹತ್ತಿದ ಕಿವಿಯನ್ನು ಬೇರೆ ಯಾವ ಸಂಸ್ಥೆಯೂ ಸೇರಿಸಿಕೊಳ್ಳುವುದಿಲ್ಲ. ಮನೆಯಲ್ಲಿಯೂ ನೆಮ್ಮದಿ ಇರಲಿಲ್ಲ. “ನಿನ್ನಿಂದ ಇವರ ಕೆಲಸಕ್ಕೂ ಸಂಚಕಾರ ಬರುತ್ತೆ ಕಣೇ. ನಮ್ಮದನ್ನೂ ಫೇಲ್ ಮಾಡಿಬಿಡಬಾರದಿತ್ತಾ?” ಎಂದು ಅಕ್ಕ ಅತ್ತಳು. ತಮಾಷೆಯ ಮನುಷ್ಯನಾದ ಭಾವ ಬರುವುದನ್ನೇ ಬಿಟ್ಟ. ಕಾರಿಡಾರಿನಲ್ಲಿ ಹಿರಿಯರನ್ನು ತಡೆದು ಆಕೆ ಕೇಳಿಯೇಬಿಟ್ಟಳು: “ಸಾರ್, ನೀವಾದ್ರೂ ನನ್ನ ನಂಬ್ತೀರಲ್ಲ?”

“ನಂಬೋದು ನನ್ನ ಕೆಲಸ ಅಲ್ಲಮ್ಮ. ನಾಳೆ ಒಂಬತ್ತಕ್ಕೆ ಬನ್ನಿ.”

ಎಂಟು ವರ್ಷ ಒಟ್ಟಿಗೆ ದುಡಿದವರ ಬಾಯಿಂದ ಬಂದ ಆ ಮಾತು ಆಕೆಯ ಎದೆಗೆ ನಾಟಿತು. ಅಂದಿನಿಂದ ಆಕೆಯೂ ಅವರ ಮೇಲೆ ಅನುಮಾನಪಡತೊಡಗಿದಳು. ನಿರ್ದೇಶಕರೊಂದಿಗೆ ಮೊದಲೇ ಮಾತಾಗಿರಬೇಕು, ತನ್ನನ್ನು ಸಾಗಹಾಕಲು ಸಾಕ್ಷಿ ಕೂಡಿಸುತ್ತಿರಬೇಕು ಎಂದುಕೊಂಡಳು. ಅವರೋ ದಿನಕ್ಕೊಂದು ವಿಚಾರಣೆ ನಡೆಸುತ್ತಿದ್ದರು: ಕಿವಿಯೋಲೆ ಬದಲಾಯಿಸಿದಿರಾ, ಕೂದಲು ಕತ್ತರಿಸಿದಿರಾ, ನಿದ್ದೆ ಬರುತ್ತಿದೆಯಾ, ಬಸ್ಸಿನಲ್ಲಿ ಯಾವ ಕಡೆಯ ಸೀಟು? ಒಂದೇ ಹೆಡ್‌ಫೋನನ್ನು ಎರಡು ಸಲ ತೊಡಿಸಿ ಬಲೆ ಬೀಸಿದರು. ಎಂಟು ವರ್ಷ ಪಳಗಿದ ಆಕೆ ಬೀಳಲಿಲ್ಲ. ಕಿವಿ ತಪ್ಪುತ್ತಿಲ್ಲ, ಆದರೂ ಮುಚ್ಚಿದ ಮಾದರಿಗಳಲ್ಲಿ ಬೇಸ್ ಕೇಳಿಸುತ್ತಿಲ್ಲ. ಇದಕ್ಕಿಂತ ಕಳ್ಳತನದಂತೆ ಕಾಣುವ ಫಲಿತಾಂಶ ಇನ್ನೊಂದಿರಲಾರದು.

ಹದಿನೆಂಟನೆಯ ದಿನ ಬೆಳಿಗ್ಗೆ ಅವರ ಮೇಜಿನ ಮೇಲೆ ತೆರೆದಿದ್ದ ನೋಟ್‌ಬುಕ್ ಆಕೆಯ ಕಣ್ಣಿಗೆ ಬಿತ್ತು. ಒಂದು ಪಟ್ಟಿ ಇತ್ತು: ಓಲೆ, ಕೂದಲು, ನೆಗಡಿ, ನಿದ್ದೆ, ಕುರ್ಚಿ, ಭಾವ. ಭಾವನೊಬ್ಬನನ್ನು ಬಿಟ್ಟು ಉಳಿದ ಎಲ್ಲದಕ್ಕೂ ಅಡ್ಡಗೆರೆ ಎಳೆದಿತ್ತು.

ಆಕೆ ಹೋಗಿ ಕುರ್ಚಿಯ ಮೇಲೆ ಕೂತಳು. ಪರದೆಯಕ್ಕ ಹೆಡ್‌ಫೋನ್ ತೊಡಿಸುವ ಮೊದಲೇ ಕಣ್ಣು ತುಂಬಿ ಬಂತು. ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು, ಸೆರಗಿನಿಂದ ಮುಖ ಒರೆಸಿಕೊಂಡಳು. ಪಕ್ಕದ ಕೋಣೆಯಿಂದ ಹಿರಿಯರ ದನಿ ಬಂತು: “ಯಾಕೆ, ಏನಾಯ್ತು?”

“ಏನಿಲ್ಲ. ಹಾಕಿ.”

ಕನ್ನಡಕವನ್ನು ಮತ್ತೆ ಏರಿಸುವ ಉಮೇದು ಆಕೆಗಿರಲಿಲ್ಲ. ಹಾಳೆಗೆ ಮೂಗು ತಾಗುವಷ್ಟು ಬಗ್ಗಿ ಬರೆದು ಕೊಟ್ಟಳು. ಎರಡು ನಿಮಿಷದಲ್ಲಿ ಹಿರಿಯರು ಹಾಳೆ ಹಿಡಿದು ಒಳಗೆ ಬಂದರು.

“ಹದಿನೇಳು ದಿನ ‘ಬೇಸ್ ಕಡಿಮೆ’ ಅಂದಿದ್ದೀರಿ. ಇವತ್ತು ಅದಕ್ಕೇ ‘ಪೂರ್ತಿ ಇದೆ’ ಅಂತ ಬರೆದಿದ್ದೀರಿ. ಯಾರು ಹೇಳಿಕೊಟ್ರು?”

ಆಕೆಯ ತಾಳ್ಮೆ ಅಲ್ಲಿಗೆ ಮುಗಿಯಿತು. “ಯಾರೂ ಹೇಳಿಕೊಡ್ಲಿಲ್ಲ! ಕೇಳಿಸಿದ್ದು ಬರೆದೆ. ಬೇಕಾದ್ರೆ ಕಿವಿ ಕಿತ್ತು ಕೊಡ್ತೀನಿ, ಆ ಬೊಂಬೆಗೆ ಅಂಟಿಸ್ಕೊಂಡು ನೋಡಿ.”

ಅವರು ಸಿಟ್ಟಾಗಲಿಲ್ಲ. ಆಕೆಯ ಮುಖವನ್ನೇ ನೋಡುತ್ತ ನಿಂತವರು, “ನಿಮ್ಮ ಕನ್ನಡಕ ಎಲ್ಲಿ?” ಎಂದರು.

ಆಮೇಲೆ ಇಪ್ಪತ್ತು ಸಲ ಕೇಳಿಸಿದರು. ಕನ್ನಡಕ ಹಾಕಿಕೊಂಡಾಗಲೆಲ್ಲ ಬೇಸ್ ಕಡಿಮೆ, ತೆಗೆದಾಗಲೆಲ್ಲ ಪೂರ್ತಿ. ಪರದೆಯಕ್ಕ ಪರದೆಯನ್ನೇ ಬಿಟ್ಟು ಮುಂದೆ ಬಂದು, “ಸಿಕ್ತಲ್ಲಾ ಸಾರ್!” ಎಂದು ಚಪ್ಪಾಳೆ ತಟ್ಟಿದರು. “ಏನು ಸಿಕ್ತು? ಕನ್ನಡಕ ಇದೆಯೋ ಇಲ್ವೋ ಅಂತ ಇವರಿಗೇ ಗೊತ್ತಲ್ಲ. ಇದು ಸಾಲದು” ಎಂದ ಹಿರಿಯರು, ಅದೇ ಕನ್ನಡಕವನ್ನು ಇಸಿದುಕೊಂಡು ಬೊಂಬೆ ತಲೆಗೆ ಟೇಪು ಹಚ್ಚಿ ತೊಡಿಸಿ, ಅದರ ಮೇಲೆ ಹೆಡ್‌ಫೋನ್ ಇಟ್ಟರು. ಅಳತೆಯ ಯಂತ್ರದ ಪರದೆಯ ಮೇಲಿನ ಗೆರೆ ಬೇಸಿನ ಕಡೆ ಜಾರಿ ಬಿತ್ತು. ಹದಿನೆಂಟು ದಿನಗಳಲ್ಲಿ ಮೊದಲ ಸಲ ಅವರು ನಕ್ಕರು.

ಸಂಗತಿ ಸರಳವಾಗಿತ್ತು. ಮುಚ್ಚಿದ ಮಾದರಿಯ ಮೆತ್ತೆ ಕಿವಿಯ ಸುತ್ತ ಸಂದಿಲ್ಲದೆ ಕೂತರೆ ಮಾತ್ರ ಬೇಸ್ ಒಳಗೆ ನಿಲ್ಲುತ್ತದೆ. ಕನ್ನಡಕದ ದಪ್ಪ ಕಡ್ಡಿ ನಡುವೆ ಬಂದರೆ ಸಂದಿಯಾಗಿ ಅದು ಸೋರಿಹೋಗುತ್ತದೆ. ತೆರೆದ ಮಾದರಿಗೆ ಈ ಬಾಧೆ ಅಷ್ಟಾಗಿಲ್ಲ. ಮನೆಯಲ್ಲಿ ಕೇಳುವ ಯಾರೇ ಆದರೂ ತಮಗರಿವಿಲ್ಲದೆ ಕೈಯೆತ್ತಿ ಮೆತ್ತೆಯನ್ನು ಸರಿಮಾಡಿಕೊಳ್ಳುತ್ತಾರೆ; ಈ ಲೋಕದಲ್ಲಿ ಅದನ್ನು ಮಾಡಬಾರದೆಂದು ಕಟ್ಟಪ್ಪಣೆ ಇದ್ದದ್ದು ನಮ್ಮ ಆ ಒಂದು ಕುರ್ಚಿಯಲ್ಲಿ ಮಾತ್ರ. ಹಿರಿಯರ ವರದಿ ಮೂರು ಸಾಲಿನದು: “ಪರೀಕ್ಷಕಿಯ ಕಿವಿಯಲ್ಲಿ ದೋಷವಿಲ್ಲ, ನಡತೆಯಲ್ಲಿ ದೋಷವಿಲ್ಲ. ದೋಷವಿರುವುದು ಹೆಡ್‌ಫೋನನ್ನು ಮುಟ್ಟಬಾರದೆಂಬ ನಿಯಮದಲ್ಲಿ. ಆ ನಿಯಮ ಮಾಡಿದವನು ಈ ಕೆಳಗೆ ಸಹಿ ಹಾಕಿರುವವನು.” ಐದೂ ಹೆಡ್‌ಫೋನ್‌ಗಳನ್ನು ಮತ್ತೆ ಕೇಳಿಸಿದಾಗ ನಾಲ್ಕಕ್ಕೆ ಮೊಹರು ಸಿಕ್ಕಿತು. ಐದನೆಯದು ನಿಜಕ್ಕೂ ಕೆಟ್ಟದಾಗಿತ್ತು.

ವರದಿ ಕೊಟ್ಟ ಸಂಜೆ ಮೆಟ್ಟಿಲಿಳಿಯುವಾಗ ಆಕೆ ಕೇಳಿದಳು: “ಈಗ ಹೇಳಿ ಸಾರ್. ಒಂದು ದಿನಾನಾದ್ರೂ ನನ್ನ ನಂಬಿದ್ರಾ?”

“ಇಲ್ಲ. ನಂಬಿದ್ರೆ ಅಲ್ಲಿಗೇ ನಿಲ್ಲಿಸ್ತಿದ್ದೆ. ‘ಒಳ್ಳೆ ಹುಡುಗಿ, ಬಿಟ್ಬಿಡಿ’ ಅಂತ ಬರೆದು ಕೈ ತೊಳ್ಕೊಳ್ತಿದ್ದೆ.” ಎರಡು ಮೆಟ್ಟಿಲು ಇಳಿದು ಅವರು ನಿಂತರು. “ಹಾಗೆ ಒಬ್ಬರನ್ನ ಕಳ್ಕೊಂಡಿದ್ದೀನಿ.”

ಆಗ ತಿಳಿಯಿತು: ನೆಲಮಹಡಿಯ ಉಗ್ರಾಣದಲ್ಲಿ ಕೂರುತ್ತಿದ್ದ, ಸೋಡಾಬುಡ್ಡಿ ಕನ್ನಡಕದ ಉಗ್ರಾಣಿಕರು, ಆಕೆ ಸೇರುವ ಮೊದಲು ಆ ಕುರ್ಚಿಯಲ್ಲಿ ಕೂರುತ್ತಿದ್ದ ಪರೀಕ್ಷಕರು, ಹಿರಿಯರಿಗೆ ಅತ್ಯಂತ ಆಪ್ತರು. ಅದಕ್ಕೂ ಹನ್ನೊಂದು ವರ್ಷಗಳ ಹಿಂದೆ ಅವರಿಗೂ ಬೇಸ್ ಕಡಿಮೆ ಕೇಳಿಸತೊಡಗಿತ್ತು. ಗೆಳೆಯನನ್ನು ಪರೀಕ್ಷೆಗೆ ಒಡ್ಡಿ ಅವಮಾನ ಮಾಡಲಾರದೆ, ವಯಸ್ಸಾಯಿತು ಪಾಪ ಎಂದುಕೊಂಡು ಹಿರಿಯರೇ ಅವರನ್ನು ಗೌರವದಿಂದ ಕೆಳಗೆ ಕಳಿಸಿದ್ದರು.

ಮರುದಿನ ಹಿರಿಯರು ಉಗ್ರಾಣಕ್ಕೆ ಹೋದರು. ಸಾಕ್ಷಿಗಿರಲಿ ಎಂದು ಆಕೆಯನ್ನೂ ಕರೆದೊಯ್ದರು. ರಟ್ಟಿನ ಪೆಟ್ಟಿಗೆಗಳ ನಡುವೆ ನಿಂತು ಎಲ್ಲವನ್ನೂ ಹೇಳಿ, “ನಿನ್ನ ಮೇಲೆ ಅನುಮಾನ ಪಡ್ಬೇಕಿತ್ತು ಮಾರಾಯ. ನಾನು ಕನಿಕರ ಪಟ್ಟೆ” ಎಂದರು.

ಉಗ್ರಾಣಿಕರು ಕನ್ನಡಕ ತೆಗೆದು ಅದರ ಕಡ್ಡಿಯನ್ನು ನೋಡಿದರು. “ಕನಿಕರ ಅಂತ ನಂಗೆ ಅವತ್ತೇ ಗೊತ್ತಿತ್ತು. ಒಂದು ಸಲ ಪರೀಕ್ಷೆ ಮಾಡು ಅಂತ ಕೇಳೋಕೆ ಬಾಯಿ ಬರ್ಲಿಲ್ಲ” ಎಂದರು. ಆಮೇಲೆ ಬರಿಗಣ್ಣಿನಲ್ಲಿ, ಹಿರಿಯರ ಭುಜ ಹಿಡಿದುಕೊಂಡು, ಮೂರು ಮಹಡಿ ಹತ್ತಿ ಬಂದರು. ಕುರ್ಚಿಯಲ್ಲಿ ಕೂತು ಡೋಲು ಕೇಳಿದರು. ಅವರ ಹಾಳೆಯಲ್ಲಿ ಒಂದು ತಪ್ಪೂ ಇರಲಿಲ್ಲ. ಅದನ್ನು ಓದಿ ಹಿರಿಯರು ಪೆನ್ಸಿಲ್ ಕೆಳಗಿಟ್ಟದ್ದನ್ನು ಆಕೆ ನೋಡಿದಳು. ಇದು ಆಕೆಗೆ ಅನಿಸಿದ್ದಲ್ಲ, ಕಂಡದ್ದು.

ಬರುವ ಸೋಮವಾರದಿಂದ ಮುಖ್ಯಸ್ಥರ ಮೇಜು ಕಿರಿಯ ಪರೀಕ್ಷಕಿಯದಾಗಲಿದೆ. ಹಾಳೆಗಳನ್ನು ಅನುಮಾನಿಸುವುದನ್ನು ಆಕೆ ಕಲಿತಿದ್ದಾಳೆ, ತನ್ನ ಕಿವಿಯನ್ನು ಅನುಮಾನಿಸುವುದನ್ನೂ ಕಲಿತಿದ್ದಾಳೆ. ಆದರೆ ಎದುರಿಗೆ ಕೂತ ಒಬ್ಬ ಒಳ್ಳೆಯ ಮನುಷ್ಯನನ್ನು ಕಂಡು ಪಾಪ ಎನಿಸುವ ದಿನ ಬಂದೇ ಬರುತ್ತದೆ, ಆ ದಿನ ಏನು ಮಾಡಬೇಕೆಂಬುದು ಆಕೆಗೆ ಇನ್ನೂ ಕೈವಶವಾಗಿಲ್ಲ. ಅಂದು ಆಕೆ ಹಿರಿಯರ ಮನೆಗೆ ಫೋನ್ ಮಾಡಲಿದ್ದಾಳೆ. ಅದನ್ನು ಎತ್ತಿಕೊಂಡು ‘ನಾಳೆ ಒಂಬತ್ತಕ್ಕೆ ಕೂರಿಸಿ’ ಎನ್ನಲು ಅವರು ಬಹುಕಾಲ, ಗಟ್ಟಿಮುಟ್ಟಾಗಿ, ನಮ್ಮ ನಡುವೆ ಇರಬೇಕು.