ಅಪ್ಪನನ್ನು ಕಾಣದವಳ ಉಸಿರು

ಬರ್ಲಿಂಗ್ಟನ್‌ನ ಮಗಳ ಮನೆಯಲ್ಲಿ ಇವತ್ತು ಬೆಳಿಗ್ಗೆ ಹಸುಗೂಸಿನ ಹಾಲುವಾಸನೆ ಮೂಗಿಗೆ ಬಡಿಯಿತು, ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಮೊಮ್ಮಗಳು ಹುಟ್ಟಿ ನಾಲ್ಕು ದಿನ. ನಾಲ್ಕು ದಿನವೂ ನಾನು ಬಾಟಲಿ ತೊಳೆಯುವುದರಲ್ಲೇ ಬಹಳ ಬ್ಯುಸಿ.

ಕಾರಣ ಹೇಳಿದರೆ ನಗಬೇಡಿ. ನಾನು ಹುಟ್ಟುವ ಎರಡು ತಿಂಗಳ ಮುಂಚೆ ಅಪ್ಪ ತೀರಿಕೊಂಡರು. ಮೈಸೂರಿನ ನಮ್ಮ ಮನೆಯಲ್ಲಿ ಯಾರೂ ನನ್ನನ್ನು ಬೈದವರಲ್ಲ. ನಾಮಕರಣಗಳಲ್ಲಿ ಮಾತ್ರ ದೊಡ್ಡಮ್ಮ, "ನೀನು ಅಡುಗೆಮನೇಲಿರು ಪುಟ್ಟಿ, ತೊಟ್ಟಿಲ ಹತ್ರ ಬೇಡ" ಎನ್ನುತ್ತಿದ್ದರು. ಆ ಮಾತೂ ನನ್ನ ಜೊತೆ ವಿಮಾನ ಹತ್ತಿತು. ಹೆತ್ತ ಮಗಳನ್ನೂ ಹೆದರಿಕೊಂಡೇ ಎತ್ತಿದವಳು ನಾನು.

ನಾವಿರುವ ಸ್ಟ್ರೀಟ್ಸ್‌ವಿಲ್‌ನಲ್ಲಿ ಪಕ್ಕದ ಮನೆಯ ನೋರಾ ಐರ್ಲೆಂಡಿನ ಹಳ್ಳಿಯವಳು. ಮಂಡಿನೋವಿಗೆ ಜೇಬಿನಲ್ಲೊಂದು ಆಲೂಗಡ್ಡೆ, ನರಹುಲಿಗೆ ಬಸವನಹುಳು, ಎದೆ ಕಟ್ಟಿದರೆ ಬಾತುಕೋಳಿಯ ಕೊಬ್ಬು, ಇವು ಅವಳ ಮನೆಮದ್ದು. ಆ ಆಲೂಗಡ್ಡೆ ಆಮೇಲೆ ಪಲ್ಯಕ್ಕೆ ಬರುತ್ತದೆಯೇ ಎಂದು ಕೇಳಿದ್ದೆ. ನನ್ನ ಮೆಣಸಿನ ಕಷಾಯ ಕುಡಿದು, ಇದಕ್ಕಿಂತ ಕೆಮ್ಮೇ ವಾಸಿ ಎಂದು ಅವಳು ಸೇಡು ತೀರಿಸಿಕೊಂಡಳು.

ಹನ್ನೆರಡು ವರ್ಷದ ಹಿಂದೆ ಒಮ್ಮೆ ಟೀ ಕುಡಿಯುತ್ತಾ ಅಪ್ಪನ ವಿಷಯ ಅವಳಿಗೆ ಹೇಳಿದೆ. ಮರುದಿನವೇ ಎಳೆಯ ಮೊಮ್ಮಗನನ್ನು ಎತ್ತಿಕೊಂಡು, ಮಗಳ ಜೊತೆ ಬಂದಳು. ಮಗುವಿನ ನಾಲಿಗೆಯ ಮೇಲೆಲ್ಲ ಬೆಳ್ಳನೆ ಅಗ್ರ ಕಟ್ಟಿತ್ತು, ಹಾಲು ಕುಡಿಯುತ್ತಿರಲಿಲ್ಲ. ಡಾಕ್ಟರ ಔಷಧಿ ನಡೆದಿತ್ತು. ಆದರೂ ಅವಳ ಊರಿನಲ್ಲಿ, ಅಪ್ಪನನ್ನು ಕಾಣದೆ ಹುಟ್ಟಿದವರು ಮೂರು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಗುವಿನ ಬಾಯಿಗೆ ಉಸಿರೂದಿದರೆ ವಾಸಿಯಾಗುತ್ತದಂತೆ. ಅಂಥವರನ್ನು ಹುಡುಕಿಕೊಂಡು ಜನ ಮೈಲಿಗಟ್ಟಲೆ ನಡೆಯುತ್ತಿದ್ದರಂತೆ.

"ಇನ್ಫೆಕ್ಷನ್ ಗಿನ್ಫೆಕ್ಷನ್ ಆದ್ರೆ? ಸುಮ್ನೆ ನೋ ಅಂದ್ಬಿಡು" ಎಂದು ಗಂಡ ಪಿಸುಗುಟ್ಟಿದರು. ನನಗೆ ಕ್ರಿಮಿಗಳ ಹೆದರಿಕೆಯಲ್ಲ, ನನ್ನದೇ ಹೆದರಿಕೆ. ದೊಡ್ಡಮ್ಮನ ಮಾತನ್ನು ನೋರಾಗೆ ಬಿಡಿಸಿ ಹೇಳಿದೆ. ಅವಳು ಮಗುವನ್ನು ನನ್ನ ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದಳು.

ಊದಿದೆ. ಎರಡನೆಯ ದಿನ ಊದಿದ ಮೇಲೆ ಮಗುವಿಗೆ ಜ್ವರ ಬಂತು. ಆಫೀಸಿನಲ್ಲಿ ಫೋನ್ ಸದ್ದಾದಾಗಲೆಲ್ಲ ನೋರಾಳದೇ ಎಂದುಕೊಂಡೆ. ಮನೆಗೆ ಬಂದವಳು ಅವರ ಮನೆಯ ಕಡೆಯ ಕರ್ಟನ್ ಎಳೆದುಬಿಟ್ಟೆ. ಮೂರನೆಯ ಬೆಳಿಗ್ಗೆ ನೋರಾ ಮತ್ತೆ ಮಗುವಿನೊಡನೆ ಬಾಗಿಲಲ್ಲಿ ನಿಂತಿದ್ದಳು. ಆ ದಿನವೂ ಊದಿದೆ.

ವಾರದೊಳಗೆ ಮಗು ಗಟಗಟ ಹಾಲು ಕುಡಿಯಿತು. ಔಷಧಿಯಿಂದಲೇ ಇರಬೇಕು, ಇಂಜಿನಿಯರ್ ಆದ ನನಗೆ ಅಷ್ಟು ಗೊತ್ತು. ನೋರಾ ಥ್ಯಾಂಕ್ಸ್ ಹೇಳಲಿಲ್ಲ, ಹೇಳಿದರೆ ಮದ್ದು ಹಿಡಿಯುವುದಿಲ್ಲವಂತೆ. ಬಸ್ ಇಳಿಯುವಾಗಲೂ ಥ್ಯಾಂಕ್ಸ್ ಹೇಳುವ ಈ ಊರಿನಲ್ಲಿ ಅದೇ ನನಗೆ ದೊಡ್ಡ ಮರ್ಯಾದೆ ಅನಿಸಿತು. ಆದರೆ ನನ್ನ ಭಯ ಮೂರು ಬೆಳಗಿಗೆ ಹೋಗುವಂಥದ್ದಲ್ಲ.

ಮಗಳಿಗೆ ಇದನ್ನೆಂದೂ ಹೇಳಿರಲಿಲ್ಲ. ಇವತ್ತು ಸಿಂಕಿನ ಮುಂದೆ ನಿಂತು ಎಲ್ಲ ಹೇಳಿಬಿಟ್ಟೆ. "ಅಮ್ಮಾ, ಜಸ್ಟ್ ಟೇಕ್ ಹರ್" ಎಂದು ಅವಳು ಕೂಸನ್ನು ನನ್ನ ತೋಳಿಗಿಟ್ಟಳು. ಉಸಿರು ಬಿಗಿಹಿಡಿದು ನಿಂತೆ. ಆಮೇಲೆ, ಆ ಪುಟ್ಟ ಹಣೆಯ ಮೇಲೆ, ಮೆಲ್ಲಗೆ ಉಸಿರು ಬಿಟ್ಟೆ.