ಉಂಗುರ ಬೆರಳಿಲ್ಲದ ಅಂಗೈ

ನಮ್ಮ ಅರೆಸಿಫೆಸ್ ಊರಿನಲ್ಲಿ ರೇಸು ಗೆದ್ದ ಕಾರನ್ನು ತಕ್ಷಣ ತೊಳೆಯುವುದಿಲ್ಲ. ಊರಿನವರೆಲ್ಲ ಶೆಡ್ಡಿಗೆ ಬಂದು, ಕೆಂಡದಲ್ಲಿ ಸುಟ್ಟ ಪಕ್ಕೆಲುಬು ತಿಂದು, ಆ ಕೊಳೆಯ ಮೇಲೆ ಅಂಗೈ ಒತ್ತಿ ಹೋಗಬೇಕು. ಆಮೇಲೆ, ಮಂಗಳವಾರ, ಕಾರು ತೊಳೆಯುವ ಡೆಲ್ಮೀರಳ ಪಾಲು. ಕರಗಿದ ಟೈರು, ಎಣ್ಣೆ, ಬ್ರೇಕಿನ ಕರಿಪುಡಿ ಸೇರಿ ಕಲ್ಲಾದ ಆ ಜಿಡ್ಡನ್ನು ಸೀಮೆಎಣ್ಣೆಯಲ್ಲಿ, ಅದಕ್ಕೂ ಜಗ್ಗದಿದ್ದರೆ ಉಗುರಲ್ಲಿ, ಮೂವತ್ತು ವರ್ಷ ಬಿಡಿಸಿದವಳು. ಕಾರಿಗೆ ನಂಬರು ಬರೆಯುವ ನಾನು ಒಂದು ಹನಿ ಬಣ್ಣ ಚೆಲ್ಲಿದರೂ ನನ್ನ ಜನ್ಮ ಜಾಲಾಡುತ್ತಿದ್ದಳು.

ಗುರುತು ನೋಡಿಯೇ ಇದು ಬೇಕರಿಯವನ ಕೈ, ಇದು ಪಾದ್ರಿಯದು ಎನ್ನುತ್ತಿದ್ದಳು. ಒಂದು ಮಂಗಳವಾರ ಮಧ್ಯಾಹ್ನ, ಮುಂದಿನ ಎಡಚಕ್ರದ ಮಡ್‌ಗಾರ್ಡಿನ ಮೇಲೆ ಅವಳ ಚಿಂದಿ ನಿಂತಿತು. ಅಲ್ಲಿದ್ದ ಅಂಗೈಗೆ ಉಂಗುರ ಬೆರಳಿರಲಿಲ್ಲ. ಊರಲ್ಲಿ ಅಂಥ ಕೈ ಇದ್ದದ್ದು ಅವಳ ಗಂಡ, ಮೆಕ್ಯಾನಿಕ್ ಫರ್ಮಿನ್‌ಗೆ ಮಾತ್ರ. ಅವನನ್ನು ಮಣ್ಣು ಮಾಡಿ ಎಂಟು ವರ್ಷವಾಗಿತ್ತು.

ಸೀಮೆಎಣ್ಣೆ ಹಚ್ಚಿ ಉಜ್ಜಿದಳು. ಹೋಯಿತು. ಎಣ್ಣೆ ಆರುತ್ತಿದ್ದಂತೆ ಮತ್ತೆ ಮೂಡಿತು. ಹೀಗೆ ಮೂರು ಸಲ. ಸುಳ್ಳಲ್ಲ, ಕಣ್ಣಾರೆ ಕಂಡೆ.

"ಕಾರು ಸರಿಯಿಲ್ಲ ಅನ್ಸಿದ್ರೆ ಅವ್ರು ಹಿಂಗೇ ಕೈ ಇಡ್ತಿದ್ರು," ಎಂದಳು. "ಬರೋ ಭಾನುವಾರ ಇದನ್ನ ಓಡ್ಸೋನು ನನ್ನ ಮಗ."

ಹಿರಿಯ ಮೆಕ್ಯಾನಿಕ್ ಅನ್ಸೆಲ್ಮೊ ನಕ್ಕ. "ಏನಕ್ಕಾ, ಮಧ್ಯಾಹ್ನಾನೇ ವೈನ್ ಏರಿಸ್ಕೊಂಡ್ಯಾ? ಆ ಚಕ್ರಾನ ಎರಡು ಸಲ ನೋಡಿದೀನಿ."

"ಮೂರನೇ ಸಲ ನೋಡಿದ್ರೆ ನಿನ್ನ ಮೀಸೆ ಉದುರಲ್ಲ. ಬಿಚ್ಚೋ!"

ಗೊಣಗುತ್ತಲೇ ಬಿಚ್ಚಿದ. ಚಕ್ರ ಕೂರುವ ಆಕ್ಸಲ್ಲಿನಲ್ಲಿ ಕೂದಲೆಳೆಯಷ್ಟು ಬಿರುಕು. ಅನ್ಸೆಲ್ಮೊ ಎದೆಯ ಮೇಲೆ ಶಿಲುಬೆ ಗೀರಿಕೊಂಡ. "ಮೊದಲ್ನೇ ತಿರುವಲ್ಲೇ ಚಕ್ರ ಕಿತ್ಕೊಂಡು ಹೋಗ್ತಿತ್ತು," ಎಂದ.

ಸಂಜೆಗೆ ಹೊಸ ಆಕ್ಸಲ್ ಕೂತಿತು. ಡೆಲ್ಮೀರ ಎದ್ದು, ಮೂವತ್ತು ವರ್ಷದ ರೂಢಿಯಲ್ಲಿ, ಒಣ ಚಿಂದಿಯಿಂದ ಆ ಮಡ್‌ಗಾರ್ಡನ್ನು ಒಂದೇ ಸಲ ಒರೆಸಿದಳು. ಗುರುತು ಹೋಯಿತು. ಕಾದಳು. ಅದು ಮತ್ತೆ ಬರಲಿಲ್ಲ.

"ಅಯ್ಯೋ, ಒಂದಿನ ಬಿಟ್ಟಿದ್ರೆ ನನ್ನ ಗಂಟೇನು ಹೋಗ್ತಿತ್ತು?" ಎಂದು ಮಗುವಿನಂತೆ ಅತ್ತಳು. ನನಗೂ ತಡೆಯಲಾಗಲಿಲ್ಲ.

ಭಾನುವಾರ ಮಗ ನಹುಯೆಲ್ ಮೂರನೆಯವನಾಗಿ ಬಂದ, ಮೈಕೈ ನೆಟ್ಟಗೆ. ಸೋತ ಕಾರನ್ನು ಅಂದೇ ತೊಳೆಯಬೇಕು. ತೊಳೆದಳು, ಎಡಚಕ್ರದ ಮೇಲೆ ಅಂಗೈಯಗಲದ ಕೊಳೆ ಬಿಟ್ಟು. ಈಗಲೂ ಪ್ರತಿ ಸಲ ಅಷ್ಟು ಬಿಡುತ್ತಾಳೆ. ಅಲ್ಲಿ ಇನ್ನೂ ಏನೂ ಮೂಡಿಲ್ಲ.